ಜಾವಾ ಕಲಿಯುವ ಮಕ್ಕಳಿಗೆ ಮೊದಲು ವ್ಯಾಖ್ಯೆಯೋ, ಚಿತ್ರವೋ?

ಜಾವಾ ಉಪನ್ಯಾಸಕಿ, ಹಾಸನ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಎಂಜಿನಿಯರಿಂಗ್ ಮೂರನೇ ಸೆಮಿಸ್ಟರಿನವರಿಗೆ ಜಾವಾ ಭಾಷೆಯ ಮೂಲಕ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಪಾಠ ಮಾಡುತ್ತಿದ್ದೇನೆ. ಅಂದರೆ ಕ್ಲಾಸ್ ಎಂಬ ಅಚ್ಚಿನಿಂದ ಆಬ್ಜೆಕ್ಟ್ ಎಂಬ ವಸ್ತುಗಳನ್ನು ಮಾಡಿಕೊಂಡು ಪ್ರೋಗ್ರಾಮ್ ಕಟ್ಟುವ ವಿಧಾನ. ನನಗಿದು ಎರಡನೇ ವರ್ಷ. ಮೊದಲ ಇಂಟರ್ನಲ್ಸ್ ಉತ್ತರ ಪತ್ರಿಕೆ ತಿದ್ದಿ ಮುಗಿಸಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಎನ್‌ಕ್ಯಾಪ್ಸುಲೇಷನ್ (ಒಳಗಿನ ಮಾಹಿತಿಯನ್ನು ಹೊರಗಿನವರಿಂದ ಕಾಯುವುದು), ಇನ್‌ಹೆರಿಟೆನ್ಸ್ (ಒಂದು ಕ್ಲಾಸಿನ ಗುಣಗಳು ಇನ್ನೊಂದಕ್ಕೆ ಬಳುವಳಿಯಾಗಿ ಬರುವುದು), ಪಾಲಿಮಾರ್ಫಿಸಂ (ಒಂದೇ ಕರೆಗೆ ಒಂದೊಂದು ಆಬ್ಜೆಕ್ಟ್ ತನ್ನದೇ ರೀತಿಯಲ್ಲಿ ಉತ್ತರಿಸುವುದು) ಬಗ್ಗೆ ಎಲ್ಲರೂ ಪುಟಗಟ್ಟಲೆ ಬರೆದಿದ್ದಾರೆ. ವ್ಯಾಖ್ಯೆಯ ಒಂದು ಪದವೂ ಆಚೀಚೆ ಆಗಿಲ್ಲ. ಅಂಕ ಕೊಡಲೇಬೇಕು, ಕೊಟ್ಟಿದ್ದೇನೆ. ಮರುದಿನ ಲ್ಯಾಬಿನಲ್ಲಿ ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದು, ಕಂಪ್ಯೂಟರ್ ಮುಟ್ಟದೆ ಉತ್ತರ ಹೇಳಿ ಎಂದೆ. ಓದಲು ಸುಲಭವಾಗಲೆಂದು ಇಲ್ಲಿ ಕನ್ನಡ ಅಕ್ಷರಗಳಲ್ಲಿ ಕೊಡುತ್ತಿದ್ದೇನೆ:

ಖಾತೆ ಕ = ನ್ಯೂ ಖಾತೆ(500);
ಖಾತೆ ಗ = ಕ;
ಗ.ಜಮಾ(200);
ಈಗ ಕ.ಉಳಿಕೆ() ಎಷ್ಟು?

ಮುಕ್ಕಾಲು ತರಗತಿ 500 ಎಂದಿತು. ಸರಿಯುತ್ತರ 700. ವ್ಯಾಖ್ಯೆಗಳಿಗೆ ಪೂರ್ಣ ಅಂಕ ತೆಗೆದ ಹುಡುಗನೊಬ್ಬ ಎದ್ದು ನಿಂತು, "ಹಣ ಹಾಕಿದ್ದು ಗ ಖಾತೆಗೆ ಮೇಡಂ, ಅದು ಕ ಖಾತೆಗೆ ಹೇಗೆ ಹೋಗುತ್ತದೆ?" ಎಂದು ಕೇಳಿದ. ಅವನ ಮುಖದಲ್ಲಿ ನಿಜವಾದ ಗೊಂದಲವಿತ್ತು. ನಾನು ರೆಫರೆನ್ಸ್ (ಆಬ್ಜೆಕ್ಟ್ ಎಲ್ಲಿದೆ ಎಂದು ತೋರಿಸುವ ಗುರುತು) ಎಂಬ ಪದ ಬಳಸಿ ಏನೋ ವಿವರಿಸಿದೆ. ಅವನು ತಲೆಯಾಡಿಸಿ ಕುಳಿತ. ಅರ್ಥವಾಗಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಈ ಪಾಠವನ್ನು ಎಲ್ಲಿಂದ ಆರಂಭಿಸಬೇಕು? ಅನುಭವಸ್ಥರು ದಯವಿಟ್ಟು ಹೇಳಿ.

ನಿವೃತ್ತ ಪ್ರಾಧ್ಯಾಪಕ, ಧಾರವಾಡ

ಮೇಡಂ, ಮೊದಲಿಗೆ ಒಂದು ಮಾತು. ಆ ಹುಡುಗ ತಪ್ಪು ಹೇಳಿಲ್ಲ. ಮೊದಲ ವರ್ಷದಲ್ಲಿ ಅವನು ಸಿ ಭಾಷೆ ಕಲಿತು ಬಂದಿದ್ದಾನೆ. ಸಿ ಭಾಷೆಯ ಸ್ಟ್ರಕ್ಚರಿನಲ್ಲಿ ಒಂದನ್ನು ಇನ್ನೊಂದಕ್ಕೆ ಸಮ ಎಂದು ಬರೆದರೆ ಒಳಗಿನ ಮೌಲ್ಯಗಳೆಲ್ಲ ನಕಲಾಗುತ್ತವೆ. ಸಿ ಪ್ಲಸ್ ಪ್ಲಸ್‌ನಲ್ಲಿಯೂ ಅಷ್ಟೇ, ಪಾಯಿಂಟರ್ (ವಿಳಾಸದ ಗುರುತು) ಹಾಕದೆ ಬರೆದರೆ ಗ ಎಂಬುದು ಕ ಖಾತೆಯ ನಕಲು. ಅಲ್ಲಿ ಉತ್ತರ 500. ಜಾವಾದಲ್ಲಿಯೇ ಪೂರ್ಣಾಂಕಗಳನ್ನು ತೆಗೆದುಕೊಳ್ಳಿ, ಅವೂ ನಕಲಾಗುತ್ತವೆ. ಇಷ್ಟು ಕಡೆ ನಕಲನ್ನೇ ಕಂಡವನು ಇಲ್ಲಿ ಮಾತ್ರ ಬೇರೆ ಏನೋ ನಡೆಯುತ್ತದೆ ಎಂದು ಹೇಗೆ ಊಹಿಸಬೇಕು? ಅವನು ಹಿಂದೆ ಕಲಿತ ಪಾಠವನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದಾನೆ ಎಂದೇ ನಾನು ತಿಳಿಯುತ್ತೇನೆ.

ನಾನು ತೊಂಬತ್ತರ ದಶಕದಲ್ಲಿ ಸಿ ಪ್ಲಸ್ ಪ್ಲಸ್ ಪಾಠ ಶುರು ಮಾಡಿದವನು, ಆಮೇಲೆ ಜಾವಾಕ್ಕೆ ಬಂದೆ. ಎರಡರಲ್ಲಿಯೂ ಒಂದೇ ಅಭ್ಯಾಸ ಇಟ್ಟುಕೊಂಡಿದ್ದೆ. ಹಾಳೆಯನ್ನು ನಡುವೆ ಗೆರೆ ಎಳೆದು ಎರಡು ಭಾಗ ಮಾಡಿಸುವುದು. ಎಡಕ್ಕೆ ಹೆಸರುಗಳು, ಬಲಕ್ಕೆ ಆಬ್ಜೆಕ್ಟ್‌ಗಳು. ಪ್ರೋಗ್ರಾಮಿನ ಒಂದೊಂದು ಸಾಲಿಗೂ ಪೆನ್ಸಿಲ್ ಓಡಬೇಕು. ಜಾವಾದಲ್ಲಿ ನ್ಯೂ ಎಂಬ ಪದ ಕಂಡಾಗ ಮಾತ್ರ ಬಲಗಡೆ ಹೊಸ ಚೌಕ. ಸಮ ಚಿಹ್ನೆ ಕಂಡಾಗ ಎಡಗಡೆಯಿಂದ ಬಾಣ. ನಿಮ್ಮ ನಾಲ್ಕು ಸಾಲಿನಲ್ಲಿ ನ್ಯೂ ಒಂದೇ ಸಲ ಬಂದಿದೆ. ಚೌಕ ಒಂದೇ. ಬಾಣ ಎರಡು. ಅಷ್ಟು ಬರೆದ ಮೇಲೆ 700 ಎಂದು ನೀವು ಹೇಳಬೇಕಾಗಿಲ್ಲ, ಹಾಳೆಯೇ ಹೇಳುತ್ತದೆ.

ವ್ಯಾಖ್ಯೆಗಳನ್ನು ಕೊನೆಗೆ ಇಡಿ. ಕಣ್ಣಾರೆ ಕಂಡ ವಸ್ತುವಿಗೆ ಹೆಸರು ಇಡುವುದು ಸುಲಭ.

ಪಾಲಿಟೆಕ್ನಿಕ್ ಉಪನ್ಯಾಸಕ, ಕೊಪ್ಪಳ

ಧಾರವಾಡದ ಸರ್ ಹೇಳಿದ ಎರಡು ಭಾಗದ ಹಾಳೆ ನಾನೂ ಬಳಸುತ್ತೇನೆ, ಫಲ ಕೊಡುತ್ತದೆ. ಅದರ ಜೊತೆಗೆ ಇನ್ನೊಂದು ಸೇರಿಸುತ್ತೇನೆ. ಖಾಲಿ ಪರದೆಯ ಮುಂದೆ ಮಕ್ಕಳನ್ನು ಕೂರಿಸಬೇಡಿ, ಕೆಟ್ಟ ಪ್ರೋಗ್ರಾಮ್ ಕೊಟ್ಟು ರಿಪೇರಿ ಮಾಡಲು ಹೇಳಿ. ಅದರಲ್ಲಿಯೂ ಕಂಪೈಲರ್ ತುಟಿ ಪಿಟಕ್ಕೆನ್ನದೆ ಒಪ್ಪಿಕೊಳ್ಳುವ ತಪ್ಪುಗಳನ್ನು ಆರಿಸಿ.

ಎರಡು ಉದಾಹರಣೆ ಕೊಡುತ್ತೇನೆ. ಒಂದು, ಆಬ್ಜೆಕ್ಟ್ ಹುಟ್ಟುವಾಗ ತಾನಾಗಿ ಓಡುವ ಕನ್‌ಸ್ಟ್ರಕ್ಟರಿನ ಹಿಂದೆ ವಾಯ್ಡ್ (ಏನನ್ನೂ ಹಿಂತಿರುಗಿಸುವುದಿಲ್ಲ) ಎಂದು ಬರೆದುಬಿಡುವುದು. ಕ್ಲಾಸಿನ ಹೆಸರೇ ಇದ್ದರೂ ಅದು ಆಗ ಕನ್‌ಸ್ಟ್ರಕ್ಟರ್ ಅಲ್ಲ, ಸಾಮಾನ್ಯ ಮೆಥಡ್, ಅಂದರೆ ಕರೆದಾಗ ಮಾತ್ರ ಓಡುವ ಕೆಲಸ. ನ್ಯೂ ಖಾತೆ() ಎಂದಾಗ ಜಾವಾ ತಾನೇ ಒದಗಿಸುವ ಖಾಲಿ ಕನ್‌ಸ್ಟ್ರಕ್ಟರ್ ಓಡುತ್ತದೆ, ಮಗು ಬರೆದದ್ದು ಓಡುವುದೇ ಇಲ್ಲ. ಕಳೆದ ವರ್ಷ ನಮ್ಮ ಹುಡುಗಿಯೊಬ್ಬಳು ಇದೊಂದೇ ಪದದ ಮುಂದೆ ಮುಕ್ಕಾಲು ಗಂಟೆ ಕುಳಿತಳು. ಉಳಿಕೆ ಯಾವಾಗ ನೋಡಿದರೂ 0. ನಾನು ಹೇಳಿಕೊಡಲು ಹೋದರೆ, "ಬೇಡ ಸರ್, ನಾನೇ ಹುಡುಕುತ್ತೇನೆ" ಎಂದಳು. ಕೊನೆಗೆ ಕನ್‌ಸ್ಟ್ರಕ್ಟರಿನ ಒಳಗೆ ಒಂದು ಸಾಲು ಪ್ರಿಂಟ್ ಹಾಕಿ, ಅದು ಮುದ್ರಣವಾಗದ್ದನ್ನು ಕಂಡು, ತಾನಾಗಿಯೇ ವಾಯ್ಡ್ ಅಳಿಸಿದಳು. ಕನ್‌ಸ್ಟ್ರಕ್ಟರ್ ಎಂದರೇನೆಂದು ಅವಳಿಗೆ ಇನ್ನು ಯಾರೂ ಹೇಳಬೇಕಾಗಿಲ್ಲ.

ಎರಡು, ಕನ್‌ಸ್ಟ್ರಕ್ಟರಿನಲ್ಲಿ ಉಳಿಕೆ = ಉಳಿಕೆ ಎಂದು ಬರೆಯುವುದು. ಎರಡೂ ಕಡೆ ಇರುವುದು ಒಳಗೆ ಬಂದ ಮೌಲ್ಯವೇ, ಆಬ್ಜೆಕ್ಟಿನ ಉಳಿಕೆಗೆ ಏನೂ ತಲುಪುವುದಿಲ್ಲ. ಈ ಆಬ್ಜೆಕ್ಟಿನದು ಎಂದು ತೋರಿಸುವ ದಿಸ್ ಎಂಬ ಪದ ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಸಿಕ್ಕಿಲ್ಲ.

ಲ್ಯಾಟರಲ್ ಎಂಟ್ರಿ ವಿದ್ಯಾರ್ಥಿನಿ

ಮೇಷ್ಟರುಗಳ ನಡುವೆ ಮಾತಾಡುತ್ತಿರುವುದಕ್ಕೆ ಕ್ಷಮಿಸಿ. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಡಿಪ್ಲೊಮಾ, ಡಿಸಿಇಟಿ ಬರೆದು ನೇರವಾಗಿ ಮೂರನೇ ಸೆಮಿಸ್ಟರಿಗೆ ಬಂದವಳು. ನಮಗೆ ಎಲ್ಲಿ ತೊಡಕಾಗುತ್ತದೆ ಎಂದು ಹೇಳಬೇಕೆನಿಸಿತು.

ಮೊದಲ ದಿನವೇ, ಪ್ರೋಗ್ರಾಮ್ ಶುರುವಾಗುವ ಮೇನ್ ಮೆಥಡ್ ಬರೆಯುವಾಗ ಪಬ್ಲಿಕ್, ಸ್ಟ್ಯಾಟಿಕ್, ವಾಯ್ಡ್ ಎಂದು ಮೂರು ಪದ ಬರುತ್ತವೆ. ಯಾಕೆ ಎಂದು ಕೇಳಿದರೆ "ಸದ್ಯಕ್ಕೆ ಹಾಗೇ ಬರೆದುಕೊಳ್ಳಿ" ಎಂಬ ಉತ್ತರ. ಮುಂದಿನ ವಾರ ಮೇನ್ ಒಳಗಿನಿಂದ ನನ್ನ ಮೆಥಡ್ ಕರೆದೆ. ಸ್ಟ್ಯಾಟಿಕ್ ಅಲ್ಲದ್ದನ್ನು ಸ್ಟ್ಯಾಟಿಕ್ ಜಾಗದಿಂದ ಕರೆಯುವಂತಿಲ್ಲ ಎಂದು ಎರರ್ ಬಂತು. ಪಕ್ಕದವನು ಮೆಥಡ್ ಹಿಂದೆ ಸ್ಟ್ಯಾಟಿಕ್ ಸೇರಿಸು ಎಂದ. ಎರರ್ ಹೋಯಿತು. ಬಳಿಕ ಒಳಗಿನ ವೇರಿಯಬಲ್‌ಗಳಿಗೂ ಅದೇ ಎರರ್ ಬಂದಾಗ ಅವುಗಳಿಗೂ ಸೇರಿಸಿದೆ. ಪ್ರೋಗ್ರಾಮ್ ಓಡಿತು. ಆದರೆ ಮೂವರು ನೌಕರರನ್ನು ಸೃಷ್ಟಿಸಿ ಸಂಬಳ ಮುದ್ರಿಸಿದರೆ ಮೂವರಿಗೂ ಕೊನೆಯವನ ಸಂಬಳವೇ ಬಂತು! ಲ್ಯಾಬ್ ಮುಗಿಯುವವರೆಗೂ ಕಾರಣ ಗೊತ್ತಾಗಲಿಲ್ಲ. ಕೇಳಲು ಧೈರ್ಯವೂ ಬರಲಿಲ್ಲ. ಇಂಗ್ಲಿಷಿನಲ್ಲಿ ಪ್ರಶ್ನೆಯನ್ನು ಜೋಡಿಸಿಕೊಳ್ಳುವಷ್ಟರಲ್ಲಿ ಸರ್ ಮುಂದಿನ ಸಾಲಿಗೆ ಹೋಗಿರುತ್ತಿದ್ದರು.

ದಯವಿಟ್ಟು ತರಗತಿಯಲ್ಲಿ ಕನ್ನಡದಲ್ಲಿ ಪ್ರಶ್ನೆ ಕೇಳಬಹುದು ಎಂದು ಬಾಯಿಬಿಟ್ಟು ಹೇಳಿ. ಹೇಳದೆ ಇದ್ದರೆ ನಾವು ಕೇಳುವುದಿಲ್ಲ.

ಜಾವಾ ಉಪನ್ಯಾಸಕಿ, ಹಾಸನ ಜಿಲ್ಲೆ

ಕ್ಷಮೆ ಯಾಕೆ ಕೇಳುತ್ತೀರಿ ತಂಗಿ, ನೀವು ಬರೆದದ್ದೇ ನನಗೆ ಬೇಕಾಗಿತ್ತು. "ಸದ್ಯಕ್ಕೆ ಹಾಗೇ ಬರೆದುಕೊಳ್ಳಿ" ಎಂದು ನಾನೂ ಹೇಳಿದ್ದೇನೆ. ನಾಳೆಯೇ ತರಗತಿಯಲ್ಲಿ ಕನ್ನಡದ ವಿಷಯ ಹೇಳುತ್ತೇನೆ.

ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಮೇನ್ ಬಗ್ಗೆ ಒಂದು ಸಮಾಚಾರ. 2025ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 25ರಲ್ಲಿ ಆ ಮೂರು ಪದಗಳ ಹೊರೆ ಇಳಿದಿದೆ. ವಾಯ್ಡ್ ಮೇನ್ ಎಂದಷ್ಟೇ ಬರೆದರೆ ಸಾಕು, ಹೊರಗೆ ಕ್ಲಾಸ್ ಸುತ್ತುವ ಅಗತ್ಯವೂ ಇಲ್ಲ. 2023ರ ಜಾವಾ 21ರಲ್ಲಿ ಇದು ಪರೀಕ್ಷಾರ್ಥವಾಗಿ ಮೊದಲು ಕಾಣಿಸಿಕೊಂಡಿತ್ತು. ಪರೀಕ್ಷೆಗೆ ಹಳೆಯ ರೂಪವೇ ಬೇಕಾಗಬಹುದು, ಆದರೆ ಮೊದಲ ಎರಡು ವಾರ ಹೊಸ ರೂಪದಲ್ಲಿ ಕಲಿಸಿದರೆ ಈ ತಂಗಿಗೆ ಆದ ಗೊಂದಲ ಆಗುವುದಿಲ್ಲ.

ಈಗ ನನ್ನ ನಿಜವಾದ ತಕರಾರು. ಇನ್‌ಹೆರಿಟೆನ್ಸ್‌ಗೆ ತರಗತಿಗಳಲ್ಲಿ ಕೊಡುವ ಜಾಗ ಅತಿಯಾಯಿತು. ಪ್ರಾಣಿ, ಅದರ ಕೆಳಗೆ ನಾಯಿ, ಬೆಕ್ಕು. ಬೊಗಳುವುದು, ಮಿಯಾವ್ ಎನ್ನುವುದು. ಈ ಉದಾಹರಣೆ ಕಲಿತು ಬಂದ ಹೊಸಬರು ಕೆಲಸದಲ್ಲಿ ಕಂಡಕಂಡಲ್ಲಿ ಇನ್‌ಹೆರಿಟೆನ್ಸ್‌ಗೆ ಬಳಸುವ ಎಕ್ಸ್‌ಟೆಂಡ್ಸ್ ಪದ ಬರೆಯುತ್ತಾರೆ. ಜಾವಾದ ಸ್ವಂತ ಲೈಬ್ರರಿಯಲ್ಲಿಯೇ ಪಾಠವಿದೆ ನೋಡಿ. ಸ್ಟ್ಯಾಕ್ ಎಂಬ ಕ್ಲಾಸನ್ನು ವೆಕ್ಟರ್ ಎಂಬ ಪಟ್ಟಿಯ ಕ್ಲಾಸಿನಿಂದ ಎಕ್ಸ್‌ಟೆಂಡ್ ಮಾಡಿದ್ದಾರೆ. ಸ್ಟ್ಯಾಕ್ ಎಂದರೆ ಮೇಲಿಟ್ಟದ್ದನ್ನೇ ಮೊದಲು ತೆಗೆಯಬೇಕು. ಆದರೆ ವೆಕ್ಟರಿನ ಮೆಥಡ್‌ಗಳೆಲ್ಲ ಬಳುವಳಿಯಾಗಿ ಬಂದಿರುವುದರಿಂದ ಯಾರು ಬೇಕಾದರೂ ನಡುವೆ ಏನನ್ನಾದರೂ ತೂರಿಸಬಹುದು. ತಟ್ಟೆಗಳ ರಾಶಿಯ ನಡುವಿನಿಂದ ತಟ್ಟೆ ಎಳೆದ ಹಾಗೆ. ಸ್ಟ್ಯಾಕ್ ಬದಲಿಗೆ ಎರಡೂ ತುದಿಯಿಂದ ಹಾಕಿ ತೆಗೆಯಬಹುದಾದ ಡೆಕ್ ಬಳಸಿ ಎಂದು ಜಾವಾದ ದಾಖಲೆಯೇ ಸಲಹೆ ಕೊಡುತ್ತದೆ. ಹಳೆಯ ಪ್ರೋಗ್ರಾಮ್‌ಗಳು ಮುರಿಯಬಾರದೆಂದು ಆ ತಪ್ಪು ಇನ್ನೂ ಅಲ್ಲಿಯೇ ಉಳಿದಿದೆ.

ಒಂದರೊಳಗೆ ಇನ್ನೊಂದು ಇರುವುದನ್ನು ಮೊದಲು ಕಲಿಸಿ. ಇನ್‌ಹೆರಿಟೆನ್ಸ್ ಕೊನೆಯ ಎರಡು ವಾರಕ್ಕೆ ಸಾಕು.

ನಿವೃತ್ತ ಪ್ರಾಧ್ಯಾಪಕ, ಧಾರವಾಡ

ಸ್ಟ್ಯಾಕ್ ಉದಾಹರಣೆ ಬಹಳ ಒಳ್ಳೆಯದು, ನಾನೂ ಪಾಠದಲ್ಲಿ ಬಳಸಿದ್ದೇನೆ. ಆದರೆ ಕೊನೆಯ ಎರಡು ವಾರ ಎಂಬುದನ್ನು ಒಪ್ಪಲಾರೆ. ಲ್ಯಾಬ್ ಪಟ್ಟಿಯಲ್ಲಿ ವೃತ್ತ, ತ್ರಿಕೋನ, ಚೌಕಗಳ ಪ್ರೋಗ್ರಾಮ್ ನಡುವಿನಲ್ಲಿಯೇ ಬರುತ್ತದೆ. ಕೊನೆಗೆ ತಳ್ಳಿದರೆ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ, ಬೇರೇನೂ ಆಗುವುದಿಲ್ಲ.

ಮೂಲವನ್ನು ನೆನಪಿಡುವುದೂ ಉಪಯುಕ್ತ. ಆಬ್ಜೆಕ್ಟ್, ಕ್ಲಾಸ್, ಸಬ್‌ಕ್ಲಾಸ್ ಎಂಬುವು ಹುಟ್ಟಿದ್ದು ಓಸ್ಲೊದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿನಲ್ಲಿ. ಡಾಲ್ ಮತ್ತು ನ್ಯುಗಾರ್ಡ್ ಅವರ ಸಿಮ್ಯುಲಾ 67 ಭಾಷೆಯಲ್ಲಿ. ಅವರ ಹಂಬಲ ಹೊರಗಿನ ಜಗತ್ತಿನ ವ್ಯವಸ್ಥೆಗಳನ್ನು, ಸಾಲುಗಳನ್ನು, ಕಾಯುವಿಕೆಗಳನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡುವುದಾಗಿತ್ತು. ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2001ರಲ್ಲಿ ಇಬ್ಬರಿಗೂ ಸಂದಿತು. ಅಂದರೆ ನಾವು ಇಂದು ವ್ಯಾಖ್ಯೆಯಾಗಿ ಒಪ್ಪಿಸುವ ಸಂಗತಿ, ಹುಟ್ಟುವಾಗ ನಡೆಯುವ, ಕಾಯುವ, ಸಾಲು ಬಿಟ್ಟು ಹೋಗುವ ಜೀವಂತ ವಸ್ತುಗಳ ಚಿತ್ರವಾಗಿತ್ತು. ನನಗೆ ಈ ಮಾತು ಪ್ರತಿವರ್ಷ ಹೊಸದಾಗಿ ಖುಷಿ ಕೊಡುತ್ತಿತ್ತು.

ಮ್ಯೂನಿಕ್‌ನಲ್ಲಿರುವ ಕನ್ನಡಿಗ

ಬ್ಲೂಜೆ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಕಲಿಯುವವರಿಗಾಗಿಯೇ ಮಾಡಿದ ಉಚಿತ ತಂತ್ರಾಂಶ, ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. ಮೇನ್ ಬರೆಯದೆ, ಕ್ಲಾಸಿನ ಚೌಕದ ಮೇಲೆ ಕ್ಲಿಕ್ ಮಾಡಿ ಆಬ್ಜೆಕ್ಟ್ ಸೃಷ್ಟಿಸಬಹುದು. ಅದು ಪರದೆಯ ಕೆಳಗೆ ಕೆಂಪು ಪೆಟ್ಟಿಗೆಯಾಗಿ ಬಂದು ಕೂರುತ್ತದೆ. ಅದರ ಮೆಥಡ್‌ಗಳನ್ನು ಒಂದೊಂದಾಗಿ ಕರೆದು, ಹೊಟ್ಟೆಯೊಳಗೆ ಏನಿದೆ ಎಂದು ತೆರೆದು ನೋಡಬಹುದು. ಊರಿನಲ್ಲಿರುವ ಅಕ್ಕನ ಮಗನಿಗೆ ವಿಡಿಯೊ ಕರೆಯಲ್ಲಿ ಇದರಿಂದಲೇ ಹೇಳಿಕೊಟ್ಟೆ. ಮೂರು ಪೆಟ್ಟಿಗೆ ಸಾಲಾಗಿ ಕಂಡಾಗ, "ಮಾಮ, ಕ್ಲಾಸ್ ಒಂದೇ, ಇವು ಮೂರು" ಎಂದ.

ಜಾವಾ ಉಪನ್ಯಾಸಕಿ, ಹಾಸನ ಜಿಲ್ಲೆ

(ಎರಡು ವಾರದ ನಂತರ)

ನೀವೆಲ್ಲ ಹೇಳಿದ್ದನ್ನು ನಮ್ಮ ತರಗತಿಗೆ ಹೊಂದಿಸಿಕೊಂಡು ಮಾಡಿ ನೋಡಿದೆ. ವಿವರವಾಗಿ ಬರೆಯುತ್ತೇನೆ.

ಬ್ಯಾಂಕ್ ಖಾತೆ ಬಿಟ್ಟೆ. ಯಾರ ಮನೆಯಲ್ಲಿ ಡೇರಿಗೆ ಹಾಲು ಹಾಕುತ್ತೀರಿ ಎಂದು ಕೇಳಿದರೆ ಹತ್ತಾರು ಕೈ ಎದ್ದವು. ಮರುದಿನ ಒಬ್ಬ ಹುಡುಗ ಮನೆಯ ಪಾಸ್‌ಪುಸ್ತಕವನ್ನೇ ತಂದ. ಅಂಚು ಹಾಲಿನ ಹನಿ ಬಿದ್ದು ಗಟ್ಟಿಯಾಗಿತ್ತು. ಒಳಗೆ ದಿನಾಂಕ, ಬೆಳಿಗ್ಗೆ, ಸಂಜೆ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ದರ, ಮೊತ್ತ. ಖಾಲಿ ಅಚ್ಚು ಕ್ಲಾಸ್, ಸದಸ್ಯ ಸಂಖ್ಯೆ ಬಿದ್ದ ಪುಸ್ತಕ ಆಬ್ಜೆಕ್ಟ್ ಎಂದು ನಾನು ಹೇಳುವ ಮೊದಲೇ ಹಿಂದಿನ ಬೆಂಚಿನವರು ಹೇಳಿದರು.

ಆಮೇಲೆ ದಾರದ ಆಟ. ಒಂದೊಂದು ಚೀಟಿಯ ಮೇಲೆ ಒಂದು ಹೆಸರು, ಚೀಟಿಯಿಂದ ಪುಸ್ತಕಕ್ಕೆ ದಾರ. "ಅಪ್ಪನ ಪುಸ್ತಕ" ಎಂಬ ಚೀಟಿ ಒಬ್ಬಳ ಕೈಯಲ್ಲಿ, "ಮನೆಯ ಪುಸ್ತಕ" ಎಂಬ ಚೀಟಿ ಇನ್ನೊಬ್ಬನ ಕೈಯಲ್ಲಿ. ಎರಡೂ ದಾರ ಒಂದೇ ಪುಸ್ತಕಕ್ಕೆ. ಮನೆಯ ಪುಸ್ತಕಕ್ಕೆ 6 ಲೀಟರ್ ಬರೆಯಿರಿ ಎಂದೆ. ಬರೆದರು. ಅಪ್ಪನ ಪುಸ್ತಕದಲ್ಲಿ ಎಷ್ಟಿದೆ ಎಂದೆ. ಅಂದು 500 ಎಂದಿದ್ದ ಅದೇ ಹುಡುಗ ಜೋರಾಗಿ, "ಪುಸ್ತಕ ಒಂದೇ ಅಲ್ಲವೇ ಮೇಡಂ!" ಎಂದ. ನನಗೆ ಕಣ್ಣು ತುಂಬಿ ಬಂತು, ನಿಜ ಹೇಳುತ್ತೇನೆ.

ದಾರ ಕಟ್ಟದ ಚೀಟಿ ನಲ್ (ಯಾವ ಆಬ್ಜೆಕ್ಟನ್ನೂ ತೋರಿಸದ ಹೆಸರು) ಆಯಿತು. ಯಾವ ದಾರವೂ ಇಲ್ಲದೆ ಮೇಜಿನ ಮೇಲೆ ಉಳಿದ ಪುಸ್ತಕವನ್ನು ಗುಡಿಸಿ ಹಾಕುವವನು ಗಾರ್ಬೇಜ್ ಕಲೆಕ್ಟರ್, ಅಂದರೆ ಬೇಡದ ಆಬ್ಜೆಕ್ಟ್‌ಗಳ ಜಾಗವನ್ನು ತೆರವು ಮಾಡುವ ಜಾವಾದ ಭಾಗ. ಗೋಡೆಯ ಮೇಲೆ ಎಲ್ಲ ಸದಸ್ಯರಿಗೂ ಒಂದೇ ದರಪಟ್ಟಿ ತೂಗುಹಾಕಿದ್ದೆ. ಸ್ಟ್ಯಾಟಿಕ್ ಅಂದರೆ ಅದು, ಪುಸ್ತಕದೊಳಗೆ ಇರುವುದಲ್ಲ, ಸಂಘದ ಗೋಡೆಯ ಮೇಲೆ ಇರುವುದು. ಲೀಟರನ್ನು ಗೋಡೆಯ ಮೇಲೆ ಬರೆದರೆ ಏನಾಗುತ್ತದೆ ಎಂದು ಕೇಳಿದೆ. "ಕೊನೆಗೆ ಹಾಕಿದವನ ಲೆಕ್ಕವೇ ಎಲ್ಲರಿಗೂ" ಎಂದರು. ಲ್ಯಾಟರಲ್ ಎಂಟ್ರಿ ತಂಗಿ, ನಿಮ್ಮ ಮೂವರು ನೌಕರರ ಸಂಬಳ ನೆನಪಾಯಿತು.

ಲ್ಯಾಟರಲ್ ಎಂಟ್ರಿ ವಿದ್ಯಾರ್ಥಿನಿ

ಗೋಡೆಯ ಮೇಲೆ ಬರೆದ ಲೀಟರ್! ಮೇಡಂ, ಇದನ್ನು ನನಗೆ ಆಗಲೇ ಯಾರಾದರೂ ಹೇಳಿದ್ದರೆ.

ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಬಹಳ ಚೆನ್ನಾಗಿದೆ. ಒಂದು ಎಚ್ಚರಿಕೆ ಮಾತ್ರ. ಪುಸ್ತಕ ತಾನಾಗಿ ಏನೂ ಮಾಡುವುದಿಲ್ಲ, ಬರೆಯುವವನು ಕಾರ್ಯದರ್ಶಿ. ಆಬ್ಜೆಕ್ಟ್ ಹಾಗಲ್ಲ, ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳುತ್ತದೆ. ಅಲ್ಲದಿದ್ದರೆ ಮಕ್ಕಳು ಒಳಗಿನ ಎಲ್ಲ ಫೀಲ್ಡ್‌ಗಳಿಗೂ (ಲೀಟರ್, ದರದಂಥ ಮೌಲ್ಯಗಳಿಗೂ) ಓದುವ ಗೆಟ್, ಬದಲಿಸುವ ಸೆಟ್ ಮೆಥಡ್ ಬರೆದು, ಲೆಕ್ಕವನ್ನೆಲ್ಲ ಮೇನ್ ಒಳಗೆ ತುಂಬುತ್ತಾರೆ. ಆಗ ಹೊರಗಿನವರು ಮುಟ್ಟದಂತೆ ಪ್ರೈವೇಟ್ ಎಂದು ಬರೆದೂ ಪ್ರಯೋಜನವಿಲ್ಲ.

ಜಾವಾ ಉಪನ್ಯಾಸಕಿ, ಹಾಸನ ಜಿಲ್ಲೆ

ಒಪ್ಪಿದೆ. ಅದನ್ನೇ ಮುಂದಿನ ಲ್ಯಾಬಿನಲ್ಲಿ ಮಾಡಿಸಿದೆ. ಲೀಟರ್ ಸೆಟ್ ಮಾಡುವ ಮೆಥಡ್ ತೆಗೆಸಿ, ಹಾಲುಬರೆ ಎಂಬುದೊಂದನ್ನೇ ಇಟ್ಟು, ಮೈನಸ್ ಲೀಟರ್ ಬಂದರೆ ಅದೇ ತಿರಸ್ಕರಿಸುವಂತೆ ಬರೆಸಿದೆ. ಎಮ್ಮೆಯ ಹಾಲಿಗೂ ಹಸುವಿನ ಹಾಲಿಗೂ ದರದ ಲೆಕ್ಕ ಬೇರೆ. ಇಫ್, ಎಲ್ಸ್ ಇಲ್ಲದೆ ಪ್ರತಿಯೊಂದು ಹಾಲೂ ತನ್ನ ಬೆಲೆಯನ್ನು ತಾನೇ ಹೇಳುವಂತೆ ಮಾಡಿಸಿದಾಗ ಪಾಲಿಮಾರ್ಫಿಸಂ ಪದವನ್ನು ಬೋರ್ಡಿನ ಮೇಲೆ ಬರೆದೆ.

ಒಂದು ಪ್ರಶ್ನೆ ಮಾತ್ರ ನನ್ನನ್ನು ತಬ್ಬಿಬ್ಬು ಮಾಡಿತು. ಎರಡು ಬಿಂದುಗಳ ನಡುವಿನ ದೂರ ಕಂಡುಹಿಡಿಯುವ ಪ್ರೋಗ್ರಾಮಿನಲ್ಲಿ, ಎಕ್ಸ್ ಪ್ರೈವೇಟ್ ಆಗಿದ್ದರೂ ಇನ್ನೊಂದು ಬಿಂದುವಿನ ಎಕ್ಸ್ ನೇರವಾಗಿ ಸಿಗುತ್ತದಲ್ಲ, ಹೇಗೆ ಎಂದು ಕೇಳಿದರು.

ಪಾಲಿಟೆಕ್ನಿಕ್ ಉಪನ್ಯಾಸಕ, ಕೊಪ್ಪಳ

ಒಳ್ಳೆಯ ಪ್ರಶ್ನೆ ಕೇಳಿದ್ದಾರೆ. ಜಾವಾದಲ್ಲಿ ಪ್ರೈವೇಟ್ ಎಂಬ ಬೇಲಿ ಇರುವುದು ಕ್ಲಾಸಿನ ಸುತ್ತ, ಒಂದೊಂದು ಆಬ್ಜೆಕ್ಟಿನ ಸುತ್ತ ಅಲ್ಲ. ಬಿಂದು ಕ್ಲಾಸಿನೊಳಗೆ ಬರೆದ ಮೆಥಡ್ ಯಾವ ಬಿಂದುವಿನ ಒಳಗನ್ನೂ ನೋಡಬಹುದು. ಒಂದೇ ಕುಟುಂಬದವರು ಒಬ್ಬರ ಕೋಣೆಗೆ ಇನ್ನೊಬ್ಬರು ಹೋದ ಹಾಗೆ.

ಇನ್ನೊಂದು ವಿಷಯ. ಕನ್ನಡದ ಹೆಸರುಗಳನ್ನೇ ನಿಜವಾದ ಪ್ರೋಗ್ರಾಮಿನಲ್ಲಿ ಬಳಸಿ ನೋಡಿ. ಜಾವಾ ಒಪ್ಪುತ್ತದೆ, ಪೈಥಾನ್ 3 ಕೂಡ ಒಪ್ಪುತ್ತದೆ. ಜಾವಾ 18ರಿಂದ ಎಲ್ಲ ಭಾಷೆಗಳ ಅಕ್ಷರಗಳನ್ನೂ ಉಳಿಸಬಲ್ಲ ಯುಟಿಎಫ್ 8 ಕ್ರಮ ತಾನಾಗಿಯೇ ಅನ್ವಯವಾಗುವುದರಿಂದ ವಿಂಡೋಸಿನಲ್ಲಿಯೂ ಕಡತದ ಕಾಟ ಕಡಿಮೆ. ಪೈಥಾನಿನಲ್ಲಿ ಮಾತ್ರ ಹುಷಾರು. ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ಕೀಲಿಮಣೆ ಸೇರಿಸುವ ಕಣ್ಣಿಗೆ ಕಾಣದ ಚಿಹ್ನೆ ಹೆಸರಿನ ನಡುವೆ ಬಂದರೆ ಎರರ್ ಬರುತ್ತದೆ. ಹಾಲು, ದರ, ಮೊತ್ತ ಎಂಬ ಹೆಸರುಗಳಿಗೆ ತೊಂದರೆಯಿಲ್ಲ. ಲೀಟರ್ ಪದಕ್ಕೆ ಗಳು ಸೇರಿಸುವಾಗ ಅದು ನುಸುಳುತ್ತದೆ.

ನಿವೃತ್ತ ಪ್ರಾಧ್ಯಾಪಕ, ಧಾರವಾಡ

ದಾರದ ಆಟ ನನಗೆ ಹೊಳೆದಿರಲಿಲ್ಲ ಮೇಡಂ, ಇಷ್ಟು ವರ್ಷ ಬಾಣ ಬರೆಸಿಕೊಂಡೇ ಇದ್ದೆ. ವಿದ್ಯಾರ್ಥಿನಿ ಇಲ್ಲಿಯೇ ಇದ್ದಾರಲ್ಲ, ಅವರಿಗೊಂದು ಲೆಕ್ಕ. ಕಂಪ್ಯೂಟರ್ ಮುಟ್ಟಬೇಡಿ ತಂಗಿ.

ನೌಕರ[] ಪಟ್ಟಿ = ನ್ಯೂ ನೌಕರ[5];
ಪಟ್ಟಿ[0].ಸಂಬಳಏರಿಸು(10);

ನೌಕರರು ಎಷ್ಟು ಮಂದಿ? ಎರಡನೇ ಸಾಲಿನಲ್ಲಿ ಏನಾಗುತ್ತದೆ?

ಲ್ಯಾಟರಲ್ ಎಂಟ್ರಿ ವಿದ್ಯಾರ್ಥಿನಿ

ಮೊದಲು ಐದು ಎಂದು ಬರೆಯಲು ಹೊರಟೆ ಸರ್. ಆಮೇಲೆ ಹಾಳೆಗೆ ಗೆರೆ ಎಳೆದೆ. ನ್ಯೂ ಒಂದೇ ಸಲ ಬಂದಿದೆ, ಹಾಗಾದರೆ ಚೌಕ ಒಂದೇ. ಆ ಚೌಕ ಪಟ್ಟಿಯದು, ನೌಕರನದಲ್ಲ. ಅದರೊಳಗೆ ಐದು ಚೀಟಿಗಳಿವೆ, ಐದಕ್ಕೂ ದಾರ ಕಟ್ಟಿಲ್ಲ. ಆದ್ದರಿಂದ ನೌಕರರು ಯಾರೂ ಇಲ್ಲ. ಎರಡನೇ ಸಾಲಿನಲ್ಲಿ ನಲ್ ಪಾಯಿಂಟರ್ ಎಕ್ಸೆಪ್ಶನ್ ಬರಬೇಕು.

(ಬರೆದಾದ ಮೇಲೆ ಓಡಿಸಿ ನೋಡಿದೆ. ಬಂತು. ಪಟ್ಟಿಯ 0ನೇ ಜಾಗ ನಲ್ ಎಂದು ಅದೇ ಹೇಳಿತು.)

ನಿವೃತ್ತ ಪ್ರಾಧ್ಯಾಪಕ, ಧಾರವಾಡ

ಸರಿಯಾಗಿದೆ. ಆ ಸಂದೇಶ ಅಷ್ಟು ಬಿಡಿಸಿ ಹೇಳಲು ಶುರು ಮಾಡಿದ್ದು 2020ರ ಜಾವಾ 14ರಿಂದ, ಅದಕ್ಕೂ ಮೊದಲು ಸಾಲಿನ ಸಂಖ್ಯೆ ಮಾತ್ರ ಬರುತ್ತಿತ್ತು. ಇನ್ನು ಐದೂ ಚೀಟಿಗಳಿಗೆ ದಾರ ಕಟ್ಟುವ ಲೂಪ್ ಬರೆದು ಇಲ್ಲಿ ಹಾಕಿ. ನ್ಯೂ ಲೂಪಿನ ಒಳಗೆ ಬರಬೇಕೋ ಹೊರಗೋ ಎಂಬುದನ್ನು ಚಿತ್ರ ಬರೆದುಕೊಂಡು ತೀರ್ಮಾನಿಸಿ.